ಮನೆ, ಪರಿಮಳ ಮತ್ತು ನೆನಪು: ಕನ್ನಡ ನಾಡಿನ ಗೃಹಜೀವನದ ಒಂದು ಚಾರಿತ್ರಿಕ ಅವಲೋಕನ

‘ವಾಸನೆ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಮೂಗಿಗೆ ತಿಳಿಯುವ ಗಂಧ ಒಂದು. ಹಿಂದಿನ ಅನುಭವ ಮನಸ್ಸಿನಲ್ಲಿ ಉಳಿಸಿಹೋದ ಸಂಸ್ಕಾರ ಇನ್ನೊಂದು. ‘ಪೂರ್ವಜನ್ಮದ ವಾಸನೆ’ ಎಂಬ ಮಾತಿನಲ್ಲಿ ಎರಡನೆಯ ಅರ್ಥ ಇಂದಿಗೂ ಬಳಕೆಯಲ್ಲಿದೆ. ಹೂವನ್ನು ತೆಗೆದ ಮೇಲೂ ಎಳ್ಳಿನಲ್ಲಿ ಅದರ ಕಂಪು ನಿಲ್ಲುವಂತೆ, ಅನುಭವ ಮುಗಿದ ಮೇಲೂ ಅದರ ಗುರುತು ಚಿತ್ತದಲ್ಲಿ ನಿಲ್ಲುತ್ತದೆಂಬುದು ಭಾರತೀಯ ದರ್ಶನಗಳಿಗೆ ಪರಿಚಿತವಾದ ಹೋಲಿಕೆ. ಪರಿಮಳಕ್ಕೂ ನೆನಪಿಗೂ ಇರುವ ನಂಟನ್ನು ಭಾಷೆಯೇ ಹೀಗೆ ಗುರುತಿಸಿಕೊಂಡಿದೆ. ಆದರೆ ಈ ನಂಟು ಮುಖ್ಯವಾಗಿ ಬೆಳೆದದ್ದು ಮನೆಯೊಳಗೆ. ಅದರ ದಾಖಲೆ ಉಳಿದಿರುವುದು ಬಹುಪಾಲು ಅರಮನೆಯಲ್ಲಿ. ಕನ್ನಡ ನಾಡಿನ ಪರಿಮಳದ ಚರಿತ್ರೆಯನ್ನು ಬರೆಯುವಲ್ಲಿನ ಮೂಲ ತೊಡಕು ಇದೇ.

ಕಲ್ಯಾಣ ಚಾಲುಕ್ಯರ ಕಾಲದ ಎರಡು ಕೃತಿಗಳು ಈ ದೃಷ್ಟಿಯಿಂದ ಗಮನಾರ್ಹವಾಗಿವೆ. 1025ರ ಸುಮಾರಿಗೆ ರಚಿತವಾದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ವೃಕ್ಷಾಯುರ್ವೇದ, ಸೂಪಶಾಸ್ತ್ರ, ವೈದ್ಯಗಳೊಡನೆ ಸುಗಂಧದ್ರವ್ಯಗಳ ತಯಾರಿಕೆಯನ್ನೂ ಲೋಕಕ್ಕೆ ಉಪಕಾರಿಯಾದ ವಿದ್ಯೆಗಳಲ್ಲಿ ಸೇರಿಸಿತು. ಸುಮಾರು ನೂರು ವರ್ಷಗಳ ತರುವಾಯ ಮುಮ್ಮಡಿ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮೂರನೆಯ ವಿಂಶತಿಯು ಇಪ್ಪತ್ತು ಉಪಭೋಗಗಳಿಗೆ ಮೀಸಲಾಗಿದೆ. ಅದು ಗೃಹದಿಂದ ಆರಂಭವಾಗುತ್ತದೆ. ತಾಂಬೂಲ, ವಿಲೇಪನ, ಮಾಲ್ಯ, ಧೂಪಗಳು ಅದರಲ್ಲಿ ಬೇರೆ ಬೇರೆ ಸ್ಥಾನ ಪಡೆದಿವೆ. ಧೂಪವನ್ನು ಪುಡಿ, ಉಂಡೆ, ಬತ್ತಿಗಳಾಗಿ ಸಿದ್ಧಪಡಿಸುವ ಕ್ರಮವೂ ಅಲ್ಲಿದೆ. ಕೃತಿಯ ಹೆಸರೇ ಮನಸ್ಸಿನ ಉಲ್ಲಾಸವನ್ನು ಸೂಚಿಸುತ್ತದೆ. ವಾಸಸ್ಥಾನದ ಗಂಧವು ಮನೋಭಾವವನ್ನು ರೂಪಿಸುತ್ತದೆಂಬ ತಿಳಿವಳಿಕೆ ಹನ್ನೆರಡನೆಯ ಶತಮಾನದ ವೇಳೆಗೆ ಶಾಸ್ತ್ರದ ರೂಪ ಪಡೆದಿತ್ತೆಂಬುದಕ್ಕೆ ಇದು ಸಾಕ್ಷಿ.

ಈ ಅಭಿರುಚಿ ಅರಮನೆಗಷ್ಟೇ ಸೀಮಿತವಾಗಿರಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್, ಅಲ್ಲಿ ಗುಲಾಬಿ ಎಲ್ಲೆಡೆ ಮಾರಾಟವಾಗುವುದನ್ನೂ ಜನ ಅದನ್ನು ಆಹಾರದಷ್ಟೇ ಅಗತ್ಯವೆಂದು ಬಗೆಯುವುದನ್ನೂ ದಾಖಲಿಸಿದ್ದಾನೆ. ಆದರೆ ಆ ಹೂವು ಮನೆಯನ್ನು ಸೇರಿದ ಮೇಲೆ ಏನಾಯಿತೆಂಬುದು ಪ್ರವಾಸಿಯ ಕಣ್ಣಿಗೆ ಬೀಳುವಂಥದಲ್ಲ.

ಅಲ್ಲಿಂದ ಮುಂದಿನ ಸಂಗತಿಗೆ ಆಚರಣೆಯೇ ಆಕರ. ಹಸುಗೂಸಿಗೆ ನೀರೆರೆದ ಮೇಲೆ ಹಿಡಿಯುವ ಸಾಂಬ್ರಾಣಿ ಹೊಗೆ, ಬಾಣಂತಿ ಕೋಣೆಯ ಬಜೆ ಮತ್ತು ಓಮದ ಘಾಟು, ಬೇಸಗೆಯಲ್ಲಿ ಕುಡಿಯುವ ನೀರಿಗೆ ಹಾಕುವ ಲಾವಂಚದ ಬೇರು, ಬಟ್ಟೆಯ ಪೆಟ್ಟಿಗೆಯಲ್ಲಿಡುವ ಕೇದಗೆ, ಒಣಗಿದರೂ ಕಂಪು ಬಿಡದ ಕರಾವಳಿಯ ಸುರಗಿ, ಮುಸ್ಲಿಮರ ಮನೆಗಳ ಲೋಬಾನ - ಇವೆಲ್ಲ ಜನನವನ್ನು, ಋತುವನ್ನು, ವಾರವನ್ನು, ಹಬ್ಬವನ್ನು ಮೂಗಿಗೆ ತಿಳಿಸುವ ಪಂಚಾಂಗದಂತೆ ಕೆಲಸ ಮಾಡಿದವು. ಇವುಗಳ ಅಳತೆಯನ್ನೂ ಹದವನ್ನೂ ಬಲ್ಲವರು ಬಹುಮಟ್ಟಿಗೆ ಹೆಂಗಸರು. ಅವರ ತಿಳಿವಳಿಕೆ ಓಲೆಗರಿಗೆ ಏರಿದ್ದು ಅಪರೂಪ.

ಈ ಪಂಚಾಂಗ ಮನಸ್ಸಿನಲ್ಲಿ ಅಷ್ಟು ಆಳವಾಗಿ ನೆಲೆಸಲು ಕಾರಣವನ್ನು ಆಧುನಿಕ ವಿಜ್ಞಾನ ವಿವರಿಸಿದೆ. ವಾಸನೆಯನ್ನು ಗ್ರಹಿಸುವ ಗ್ರಾಹಕಗಳ ದೊಡ್ಡ ವಂಶವಾಹಿ ಸಮೂಹವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪ್ರಕಟಪಡಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇತರ ಇಂದ್ರಿಯಗಳ ಸಂಕೇತಗಳು ಮೊದಲು ಥಲಾಮಸ್ ಎಂಬ ಭಾಗದ ಮೂಲಕ ಹಾಯುತ್ತವೆ. ಗಂಧದ ಸಂಕೇತವಾದರೋ ಭಾವನೆಗೆ ಸಂಬಂಧಿಸಿದ ಅಮಿಗ್ಡಲಾವನ್ನು ಹೆಚ್ಚು ನೇರವಾಗಿ ತಲಪುತ್ತದೆ. ನೆನಪಿಗೆ ಸಂಬಂಧಿಸಿದ ಹಿಪ್ಪೋಕ್ಯಾಂಪಸ್‌ಗೂ ಅದರ ದಾರಿ ಹತ್ತಿರದ್ದು. ಆದರೆ ಯಾವುದೇ ಪರಿಮಳಕ್ಕೆ ಎಲ್ಲರಲ್ಲೂ ಒಂದೇ ಭಾವವನ್ನು ಹುಟ್ಟಿಸುವ ಗುಣವಿಲ್ಲ. ಪೂಜೆಯಲ್ಲೂ ಹಚ್ಚುವ, ಶವದ ತಲೆಯ ಬಳಿಯಲ್ಲೂ ಹಚ್ಚುವ ಊದುಬತ್ತಿ ಒಬ್ಬರಿಗೆ ಹಬ್ಬವನ್ನೂ ಮತ್ತೊಬ್ಬರಿಗೆ ಅಗಲಿಕೆಯನ್ನೂ ನೆನಪಿಸಬಹುದು. ಭಾವವನ್ನು ಕಲಿಸುವುದು ಮನೆಯ ಬದುಕು. ಆದುದರಿಂದಲೇ ಇದು ಶರೀರಶಾಸ್ತ್ರದಷ್ಟೇ ಚರಿತ್ರೆಯ ವಿಷಯವೂ ಹೌದು.

ಇಪ್ಪತ್ತನೆಯ ಶತಮಾನದಲ್ಲಿ ಈ ಬದುಕು ಪಲ್ಲಟಗೊಂಡಿತು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತುಹೋದಾಗ ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆಯ ತಯಾರಿಕೆಗೂ 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ತಯಾರಿಕೆಗೂ ತೊಡಗಿತು. ಸಾಣೆಕಲ್ಲಿನ ಮೇಲೆ ತೇಯ್ದ ಗಂಧವು ದೇವರ ಕೋಣೆಯಿಂದ ಬಚ್ಚಲಿಗೂ ಬಂದಿತು. ಕೊರಡನ್ನು ಕೊಳ್ಳಲಾರದ ಮನೆಗೂ ಅದರ ಪರಿಮಳ ಎಟುಕಿದ್ದು ಸಣ್ಣ ಬದಲಾವಣೆಯಲ್ಲ. ಇನ್ನೊಂದೆಡೆ, ಸ್ವಂತ ಹಿತ್ತಲಿನಲ್ಲಿ ಬೆಳೆದ ಶ್ರೀಗಂಧದ ಮರವೂ ಸರ್ಕಾರದ ಸೊತ್ತಾಗಿಯೇ ಇತ್ತು. 2001ರ ಕಾಯ್ದೆಯ ತಿದ್ದುಪಡಿ ಬಂದ ಮೇಲಷ್ಟೇ ನೆಲದ ಒಡೆಯನಿಗೆ ಮರದ ಹಕ್ಕು ದೊರೆಯಿತು. ನಾಡಿನ ಹೆಮ್ಮೆಯೆನಿಸಿದ ಪರಿಮಳದ ಮೂಲವು ನಾಡಿನ ಹಿತ್ತಲುಗಳಿಗೆ ದೀರ್ಘಕಾಲ ಪರಕೀಯವಾಗಿ ಉಳಿಯಿತೆಂಬುದು ಈ ಚರಿತ್ರೆಯ ವಿಪರ್ಯಾಸ.

2020ರಲ್ಲಿ ಹಬ್ಬಿದ ಕೋವಿಡ್ ಸೋಂಕು ಅಸಂಖ್ಯ ಜನರ ಘ್ರಾಣಶಕ್ತಿಯನ್ನು ಕೆಲಕಾಲ ಕಸಿದುಕೊಂಡಾಗ, ಒಗ್ಗರಣೆಯ ಘಮವಿಲ್ಲದ ಅಡುಗೆಮನೆ ಎಷ್ಟು ಅಪರಿಚಿತವಾಗಬಲ್ಲದೆಂಬುದು ಅನುಭವಕ್ಕೆ ಬಂದಿತು. ವ್ಯಕ್ತಿಗೆ ಒದಗಿದ ಆ ಕೊರತೆ ಸಮುದಾಯಕ್ಕೂ ಒದಗಬಹುದು. ಶಾಸನ ಕಲ್ಲಿನಲ್ಲಿ ಉಳಿಯುತ್ತದೆ, ಹಾಡು ಧ್ವನಿಮುದ್ರಿಕೆಯಲ್ಲಿ ಉಳಿಯುತ್ತದೆ. ಪರಿಮಳವಾದರೋ ಅದನ್ನು ಸಿದ್ಧಪಡಿಸುವ ಕೈಗಳು ಇರುವವರೆಗೆ ಮಾತ್ರ ಉಳಿಯುತ್ತದೆ. ಆದುದರಿಂದ ಅರಮನೆಯ ಗ್ರಂಥಗಳ ಸಂಪಾದನೆಗೆ ಸಂದ ಶ್ರದ್ಧೆಯು ಬಾಣಂತಿ ಕೋಣೆಯ, ಹಿತ್ತಲಿನ, ಅಡುಗೆಮನೆಯ ಮೌಖಿಕ ತಿಳಿವಳಿಕೆಗೂ ಸಲ್ಲಬೇಕು. ಯಾವ ಬೇರು, ಯಾವ ತಿಂಗಳು, ಯಾವ ಸಂದರ್ಭ, ಯಾರ ನೆನಪು - ಇಷ್ಟನ್ನಾದರೂ ಬಲ್ಲವರಿಂದ ಕೇಳಿ ಬರೆದಿಟ್ಟಲ್ಲಿ, ಮಾನಸೋಲ್ಲಾಸವು ಹೇಳದೆ ಬಿಟ್ಟ ಜನಸಾಮಾನ್ಯರ ಗೃಹೋಪಭೋಗದ ಅಧ್ಯಾಯಕ್ಕೆ ಆಕರ ದೊರೆತಂತಾಗುತ್ತದೆ.