ಬನ್ನೂರಿನ ಮೇಷ್ಟ್ರು ವ್ಯಾಸರಾಜರು

2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಅಗೆದುಹಾಕಿದರು. ನಾವು ಚಾನೆಲ್‌ನವರು ಕಳ್ಳರ ಬಗ್ಗೆಯೇ ಮಾತಾಡಿದೆವು. ವ್ಯಾಸರಾಜರು ಯಾರು ಅಂತ ಎಷ್ಟು ಜನರಿಗೆ ಗೊತ್ತು?

ಅವರು ನಮ್ಮ ಟಿ. ನರಸೀಪುರ ತಾಲ್ಲೂಕಿನ ಬನ್ನೂರಿನವರು ಸ್ವಾಮಿ! ಮುಳಬಾಗಿಲಲ್ಲಿ ಶ್ರೀಪಾದರಾಜರ ಬಳಿ ಓದಿ, ವಿಜಯನಗರದಲ್ಲಿ ಪಾಠ ಹೇಳಿದರು. ಪುರಂದರದಾಸರು, ಕನಕದಾಸರು ಅವರ ಶಿಷ್ಯರು. ತಾಲ್ಲೂಕಿನ ಸೋಸಲೆಯಲ್ಲಿ ಇಂದಿಗೂ ಅವರ ಹೆಸರಿನ ಮಠವಿದೆ.

ಅವರ 'ನ್ಯಾಯಾಮೃತ' ಅದ್ವೈತವನ್ನು ಪ್ರಶ್ನಿಸಿತು. 1539ರಲ್ಲಿ ಅವರು ವೃಂದಾವನಸ್ಥರಾದ ಮೇಲೂ ವಾದ ನಿಲ್ಲಲಿಲ್ಲ. ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ' ಬರೆದು ಉತ್ತರ ಕೊಟ್ಟರು. ದ್ವೈತಿಗಳು ಅದಕ್ಕೂ ಗ್ರಂಥದಲ್ಲೇ ಉತ್ತರ ಕೊಟ್ಟರು.

ಇವತ್ತು ನಮ್ಮ ಸ್ಟುಡಿಯೋದಲ್ಲಿ ನಾಲ್ಕು ಜನ ಕೂತರೆ ಯಾರ ಮಾತೂ ಯಾರಿಗೂ ಕೇಳಿಸಲ್ಲ. ಎದುರಾಳಿಯ ಮಾತನ್ನು ಪೂರ್ತಿ ಕೇಳಿ ಉತ್ತರ ಹೇಳೋದನ್ನ ಈ ಮೇಷ್ಟ್ರಿಂದ ಕಲಿಯೋಣ. ಅವರು ಬಿಟ್ಟುಹೋದ ನಿಧಿ ಅದೇ.