ಯಾರ್ದ್ಲಾ ಆ ಬೆಟ್ಟ?

ಮಂಡ್ಯದ ಗುತ್ತಲಿನಲ್ಲಿರೋ ನಮ್ಮ ಮನೆ ಜಗಲಿ ಮೇಲೆ ಕೂತು, ಕುದುರೆಮುಖ ಚಾರಣಕ್ಕೆ ಆನ್‌ಲೈನಿನಲ್ಲಿ ಟಿಕೆಟ್ ಬುಕ್ ಮಾಡ್ತಿದ್ದೆ. ಪಕ್ಕದಲ್ಲಿ ಅವರೆಕಾಯಿ ಸುಲೀತಿದ್ದ ಅಜ್ಜಿ ಕೇಳ್ತು: "ಬೆಟ್ಟ ಹತ್ತಕ್ಕೂ ದುಡ್ ಕೊಡಬೇಕೇನ್ಲಾ? ಯಾರ್ದ್ಲಾ ಆ ಬೆಟ್ಟ?"

"ಸರ್ಕಾರದ್ದು ಕಣಜ್ಜಿ" ಅಂದೆ. ಸುಲಭದ ಉತ್ತರ. ಆದರೆ ಕುದುರೆಮುಖದ ಇತಿಹಾಸ ಓದ್ತಾ ಹೋದಂತೆ ಆ ಉತ್ತರ ಸಾಲದು ಅನ್ನಿಸಿತು.

1,890 ಮೀಟರಿಗೂ ಹೆಚ್ಚು ಎತ್ತರದ ಶಿಖರ. ಬೋಳು ಗುಡ್ಡಗಳ ಮೇಲೆ ಹುಲ್ಲು, ಕಣಿವೆ ಮಡಿಕೆಗಳಲ್ಲಿ ದಟ್ಟವಾದ ಶೋಲಾ ಕಾಡು. ಇದೇ ಮಲೆಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ. ಫೋಟೋ ನೋಡಿದವರು "ಥೇಟ್ ಸ್ವಿಟ್ಜರ್ಲೆಂಡ್" ಅಂತಾರೆ. ಹೋಲಿಕೆ ತಪ್ಪಲ್ಲ, ಆದರೆ ಕಾರಣ ಬೇರೆ: ಕಬ್ಬಿಣ. ಆಲ್ಪ್ಸ್‌ನಲ್ಲಿ 1914ರಲ್ಲಿ ಶುರುವಾದ ಸ್ವಿಸ್ ರಾಷ್ಟ್ರೀಯ ಉದ್ಯಾನದ ನಡುವೆ ಫ್ಯುವೋರ್ನ್ ಅನ್ನೋ ಜಾಗ ಇದೆ. ಹಾಗಂದ್ರೆ ಕುಲುಮೆ. ಶತಮಾನಗಳ ಹಿಂದೆ ಅಲ್ಲಿ ಅದಿರು ಕರಗಿಸ್ತಿದ್ರು, ಅದಕ್ಕಾಗಿ ಕಾಡು ಕಡೀತಿದ್ರು. ಇವತ್ತು ಅಲ್ಲಿ ಗುರುತು ಹಾಕಿದ ಕಾಲುದಾರಿ ಬಿಟ್ಟು ಪಕ್ಕಕ್ಕೆ ಕಾಲಿಡೋ ಹಾಗಿಲ್ಲ. ಒಂದು ಹೂವನ್ನೂ ಕೀಳೋ ಹಾಗಿಲ್ಲ.

ನಮ್ಮಲ್ಲಿ ಕುಲುಮೆ ಬಂದದ್ದು ತಡವಾಗಿ. 1975ರಲ್ಲಿ ಇರಾನಿನ ಷಾ ಸರ್ಕಾರದ ಜೊತೆ ಒಪ್ಪಂದವಾಯ್ತು: ಅವರ ಸಾಲ, ನಮ್ಮ ಅದಿರು. ಮರುವರ್ಷ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಕಾಡಿನ ನಡುವೆ ಊರೇ ಎದ್ದಿತು. ಪುಡಿ ಮಾಡಿದ ಅದಿರನ್ನು ನೀರಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರು ಬಂದರಿಗೆ ಹರಿಸೋ ವ್ಯವಸ್ಥೆಯಾಯ್ತು. ಉಳಿದ ಹೂಳನ್ನು ಹಿಡಿದಿಡೋಕೆ ಲಖ್ಯಾ ಅಣೆಕಟ್ಟು ಕಟ್ಟಿದರು. ಅಷ್ಟರಲ್ಲಿ 1979ರ ಕ್ರಾಂತಿಯಲ್ಲಿ ಷಾ ಅಧಿಕಾರ ಹೋಯ್ತು, ಕೊಳ್ಳೋರೇ ಇಲ್ಲ! ಬೇರೆ ಗಿರಾಕಿ ಹುಡುಕಿ ಗಣಿ ನಡೀತು. ಸಾವಿರಾರು ಮನೆಗೆ ಅನ್ನವೂ ಹಾಕಿತು.

ಇತ್ತ ಉಲ್ಲಾಸ ಕಾರಂತರು 80ರ ದಶಕದಲ್ಲಿ ಇಲ್ಲಿನ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಅದರ ಬೆನ್ನಿಗೇ 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯ್ತು. ಒಂದೇ ಮಲೆಯಲ್ಲಿ ಉದ್ಯಾನವೂ ಗಣಿಯೂ. ಮಳೆಗಾಲ ಬಂದ್ರೆ ಗಣಿಯ ಮಣ್ಣು ಭದ್ರೆಗೆ ಇಳೀತಿತ್ತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರ ಮುಂದಾಳತ್ವದ ವೈಲ್ಡ್‌ಲೈಫ್ ಫಸ್ಟ್ ಸುಪ್ರೀಂ ಕೋರ್ಟಿಗೆ ಹೋಯ್ತು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಗದ್ದಲದ ಟೌನ್‌ಶಿಪ್ ಖಾಲಿಯಾಯ್ತು.

ಕಾಡು ಗೆದ್ದಿತು ಅಂತ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕಾಡಿನೊಳಗೆ ಗಣಿಗಿಂತ ಎಷ್ಟೋ ಮೊದಲಿಂದ ಮಲೆಕುಡಿಯರಿದ್ದರು, ಸಣ್ಣ ರೈತರಿದ್ದರು. ಗಣಿಗೆ ರಸ್ತೆ, ಕರೆಂಟು ಎಲ್ಲ ಸಿಕ್ಕಿತು. ಇವರು ಕೇಳಿದಾಗ ಅರಣ್ಯ ಕಾಯ್ದೆ ಅಡ್ಡ ಬಂತು. ಕೆಲವರು ಪರಿಹಾರ ತಗೊಂಡು ಹೊರಬಂದರು, ಕೆಲವರು ಬರೋದಿಲ್ಲ ಅಂದರು. ನಾವು ಮುಳ್ಳೋಡಿಯಿಂದ ಶಿಖರಕ್ಕೆ ಹೊರಡೋ ದಾರಿಯನ್ನ 'ಟ್ರೇಲ್' ಅಂತೀವಲ್ಲ, ಇಂಥ ಎಷ್ಟೋ ದಾರಿಗಳನ್ನ ಮೊದಲು ಸವೆಸಿದ್ದು ಮಲೆಯ ಜನರ ಕಾಲು, ದನದ ಗೊರಸು.

ಈಗ ಸರದಿ ನಮ್ಮದು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂಥ ನೂಕುನುಗ್ಗಲು ಆದಮೇಲೆ ಸರ್ಕಾರ ಚಾರಣಕ್ಕೆ ಕಡಿವಾಣ ಹಾಕ್ತು. ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಅಂತಾಯ್ತು. ವೀಕೆಂಡ್ ಟಿಕೆಟ್ ಸಿಗಲಿಲ್ಲ ಅಂತ ನಾನೂ ಗೊಣಗಿದ್ದೀನಿ. ಕಂಪನಿಯವರು ಸಂಬಳ ಕಳ್ಕೊಂಡ, ಹಳ್ಳಿಯವರು ಊರನ್ನೇ ಬಿಟ್ಟ ಬೆಟ್ಟದಲ್ಲಿ ನಾನು ಬಿಡಬೇಕಾದದ್ದು ಒಂದು ಶನಿವಾರ.

ಇದನ್ನೆಲ್ಲ ಅಜ್ಜಿಗೆ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿತ್ತು. ಆಮೇಲೆ, "ನಮ್ ನಾಲೆ ನೀರೂ ಅಂಗೇ ಕಣ್ಲಾ. ಕಟ್ಟೆ ಕಟ್ದಾಗ ಕನ್ನಂಬಾಡಿನೇ ಮುಳುಗೋಯ್ತಂತೆ. ನಮ್ ಕಬ್ಬು ಬೆಳೀತು" ಅಂತು.

ಬೆಟ್ಟ ಯಾರದ್ದು ಅಂತ ಮತ್ತೆ ಕೇಳಲಿಲ್ಲ. "ಓದ್ ಮೇಲೆ ಕಸಗಿಸ ಎಸೀಬ್ಯಾಡ, ದಾರಿ ಬುಟ್ ಓಗಬ್ಯಾಡ" ಅಂದು, ಬಿಡಿಸಿದ ಅವರೆಕಾಳಿನ ಮೊರ ಎತ್ಕೊಂಡು ಒಳಗೆ ಹೋಯ್ತು.