ಹೊಲಿದ ಹಡಗಿನ ಸಾಕ್ಷ್ಯ

2025ರ ಮೇ 21ರಂದು ಕಾರವಾರದಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ಭಾರತೀಯ ನೌಕಾಪಡೆಯನ್ನು ಸೇರಿತು. ಅಜಂತೆಯ ಐದನೆಯ ಶತಮಾನದ ಭಿತ್ತಿಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ರಾಳ ಬಳಿದು ಕೇರಳದ ಕುಶಲಕರ್ಮಿಗಳು ಇದನ್ನು ಗೋವೆಯಲ್ಲಿ ನಿರ್ಮಿಸಿದರು. ಹಾಯಿಯ ಮೇಲೆ ಗಂಡಭೇರುಂಡವಿದೆ. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಹಡಗು ಮುಂದಿನ ಜನವರಿ 14ರಂದು ಮಸ್ಕತ್ ತಲುಪಿತು.

ಇಂಥ ಯಾನಗಳು ಇತಿಹಾಸಕ್ಕೆ ಒದಗಿಸುವ ಸಾಕ್ಷ್ಯ ಯಾವ ಬಗೆಯದು? 1947ರಲ್ಲಿ ಥಾರ್ ಹೆಯರ್‌ಡಾಲ್ ‘ಕಾನ್-ಟಿಕಿ’ ಎಂಬ ಮರದ ತೆಪ್ಪದಲ್ಲಿ ಪೆರುವಿನಿಂದ 101 ದಿನ ತೇಲಿ ಪಾಲಿನೇಷ್ಯವನ್ನು ಮುಟ್ಟಿದರು. ಯಾನ ಸಫಲವಾಯಿತು, ಆದರೆ ಆ ದ್ವೀಪಗಳ ಜನರು ಮೂಲತಃ ದಕ್ಷಿಣ ಅಮೆರಿಕದಿಂದ ಬಂದರೆಂಬ ಅವರ ವಾದ ನಿಲ್ಲಲಿಲ್ಲ. ಭಾಷೆ, ಪುರಾತತ್ತ್ವ, ವಂಶವಾಹಿಗಳ ಅಧ್ಯಯನವು ಏಷ್ಯದ ಕಡೆಗೇ ಬೆರಳು ತೋರಿತು. 1976–77ರಲ್ಲಿ ಟಿಮ್ ಸೆವೆರಿನ್ ಚರ್ಮದ ದೋಣಿಯಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿಗೆ ಸಾಗಿದರು. ಸಂತ ಬ್ರೆಂಡನರ ಯಾನಕಥೆ ಅಸಂಭವವಲ್ಲವೆಂದು ಅದರಿಂದ ತಿಳಿಯಿತು; ಆ ಸನ್ಯಾಸಿ ಅಲ್ಲಿಗೆ ಹೋದರೆಂದು ಅದರಿಂದ ಸಿದ್ಧವಾಗಲಿಲ್ಲ. ಮರುನಿರ್ಮಿತ ಹಡಗು ‘ಆಗಬಹುದಿತ್ತೆ?’ ಎಂಬ ಪ್ರಶ್ನೆಗೆ ಉತ್ತರಿಸುತ್ತದೆ, ‘ಆಯಿತೆ?’ ಎಂಬುದಕ್ಕೆ ಬೇರೆ ಸಾಕ್ಷಿಗಳೇ ಬೇಕು.

ಈ ವಿವೇಕ ಪ್ರೇಷಿತ ತೋಮಾಸರ ಆಗಮನವನ್ನು ಕುರಿತು ಬೋಧಿಸುವ ನಮಗೆ ಅವಶ್ಯ. ಮೊದಲನೆಯ ಶತಮಾನದಲ್ಲಿ ಕೆಂಪುಸಮುದ್ರದ ಹಡಗುಗಳು ಮಾನ್ಸೂನ್ ಗಾಳಿ ಹಿಡಿದು ಮುಜಿರಿಸಿಗೆ ಬರುತ್ತಿದ್ದವೆಂಬುದಕ್ಕೆ ಅಂದಿನ ಗ್ರೀಕ್ ನೌಕಾಕೈಪಿಡಿ ‘ಪೆರಿಪ್ಲಸ್’ ಆಧಾರ. ದಾರಿ ತೆರೆದಿತ್ತು ಎಂಬುದು ಇತಿಹಾಸ. ಆ ದಾರಿಯಲ್ಲಿ ಕ್ರಿ.ಶ. 52ರಲ್ಲಿ ಪ್ರೇಷಿತರು ಬಂದರೆಂಬುದು ಧರ್ಮಸಭೆಯೊಂದು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಪರಂಪರೆ. ಎರಡೂ ಗೌರವಾರ್ಹ, ಎರಡೂ ಒಂದೇ ಅಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಜನರಿಗೆ ಕಡಲು ದೂರದ ಮಾತೆನಿಸಬಹುದು. ಆದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾತೀರದ ಕನಗನಹಳ್ಳಿ ಸ್ತೂಪದಲ್ಲಿ ಶಾತವಾಹನ ಅರಸರ ಹೆಸರುಗಳು ಕೆತ್ತಿವೆ. ಅದೇ ವಂಶದ ನಾಣ್ಯಗಳಲ್ಲಿ ಎರಡು ಕೂವೆಕಂಬಗಳ ಹಡಗಿದೆ. ಒಳನಾಡೂ ಕಡಲಿನ ಲೋಕಕ್ಕೆ ಸೇರಿತ್ತು. ಹಾಗೆಂದು ಆ ನಾಣ್ಯದಿಂದ ಭೀಮಾತೀರಕ್ಕೆ ಶುಭಸಂದೇಶ ಅಂದೇ ಬಂದಿತ್ತೆಂದು ಊಹಿಸುವುದು ಸಲ್ಲದು.

ಗುರುವಾಗಲಿರುವವರು ಪ್ರಬೋಧನೆಯಲ್ಲಿ ಸಾಧ್ಯತೆಯನ್ನು ಸಾಧ್ಯತೆಯೆಂದೂ ಪರಂಪರೆಯನ್ನು ಪರಂಪರೆಯೆಂದೂ ಹೇಳಲಿ. ಹಡಗೊಂದನ್ನು ವಿಶ್ವಾಸದ ಪುರಾವೆಯಾಗಿ ನಿಲ್ಲಿಸಿದರೆ, ಆ ಪುರಾವೆ ಸಡಿಲವಾದ ದಿನ ಕೇಳುಗನು ವಿಶ್ವಾಸವನ್ನೇ ಶಂಕಿಸಿಯಾನು. ನಮ್ಮ ವಿಶ್ವಾಸ ನಿಂತಿರುವುದು ಪುನರುತ್ಥಾನ ಹೊಂದಿದ ಪ್ರಭುವಿನ ಮೇಲೆ. ಆದ್ದರಿಂದಲೇ ಇತಿಹಾಸದ ಪ್ರಶ್ನೆಗಳನ್ನು ನಾವು ನಿರ್ಭಯವಾಗಿ ಕೇಳಬಲ್ಲೆವು.